ಐದು ಗಂಟೆಯ ಬಾಟ್ಲಿ

ಚಿದ್ರಿ, ಬೀದರ
17 ನವೆಂಬರ್ 2024, ರವಿವಾರ

ಸೊಸೆಯಾದರೂ ಮಗಳಾದ ಸಪನಾಗೆ ಮಾವನ ಜೈಭೀಮ್.

ಹೇಗಿದ್ದೀಯಮ್ಮ? ಭಾಲ್ಕಿಯಲ್ಲಿ ನಿನ್ನ ತವರಿನವರೆಲ್ಲ ಆರಾಮ ಅಂದುಕೊಂಡಿದ್ದೇನೆ. ನಮ್ಮ ಐದು ತಿಂಗಳ ಮಹಾಮಾಯಾ ಹಾಲು ಕಕ್ಕುವುದು ನಿಂತಿತೇ? ಮೂರು ಸಲ ಫೋನು ಹಚ್ಚಿ, ನೀನು ಎತ್ತುವ ಮೊದಲೇ ಕಟ್ ಮಾಡಿದೆ. ಮದುವೆ ಕಾರ್ಡು ಅಚ್ಚು ಹಾಕುವ ನನಗೆ ಊರವರ ಮದುವೆಗೆಲ್ಲ ಪ್ರಾಸ ಸಿಗುತ್ತದೆ. ಸೊಸೆಯ ಮುಂದೆ ಆಡಲು ನೆಟ್ಟಗೆ ಒಂದು ಮಾತು ಸಿಗಲಿಲ್ಲ. ಅದಕ್ಕೇ ಈ ಕಾಗದ. ನಿನ್ನ ಗಂಡ ಸ್ವಪ್ನಿಲ ಕೈಯಲ್ಲೇ ತರುತ್ತಾನೆ.

ನೀನು ಔರಾದದ ಆಫೀಸಿಗೆ ಮತ್ತೆ ಹೋಗತೊಡಗಿದ ದಿನ ಬಾಗಿಲಲ್ಲಿ ನಿಂತು ಹೇಳಿದ್ದೆ: “ಮಾವಾರ, ಅತ್ತಿದ್ದೆಲ್ಲಾ ಹಸಿವಿ ಅಲ್ಲರಿ. ಮಾರಿ ತಿರುವಿದ್ರ ಬಾಟ್ಲಿ ತಗದ ಬಿಡ್ರಿ.” ಎರಡು ಮಕ್ಕಳನ್ನು ಬೆಳೆಸಿದ್ದೇನೆ ಎಂದು ನಾನು ಜಂಬ ಕೊಚ್ಚಿದೆ. ಬೆಳೆಸಿದವಳು ನಿನ್ನ ಅತ್ತೆ ಶಾಲುಬಾಯಿ. ನಾನು ಅವರು ಬೆಳೆದ ಮೇಲೆ ನೋಡಿದವನು. ಅವಳು ಸಾಲಿಗೆ ಬಿಸಿಯೂಟ ಮಾಡಲು ಹೋದರೆ ಕೂಸಿನ ತೊಟ್ಟಿಲು ಅಚ್ಚಿನ ಅಂಗಡಿಯಲ್ಲಿ ನನ್ನ ಮಗ್ಗುಲಲ್ಲೇ. ಕೂಸು ಕುಂಯ್ ಎಂದರೆ ಪುಡಿ ಹಾಲು ಕಲಸಿದೆ. ಮೇಲೆ ಪ್ರಾಸ ಬೇರೆ: “ಅಜ್ಜಗೊಂದು, ಅಜ್ಜಿಗೊಂದು, ಔರಾದಿಂದ ಬರೋ ಅವ್ವಗೊಂದು, ಡಾಬಕಾದ ಕಾಕಾಗ ಇನ್ನೊಂದು.” ಒಬ್ಬೊಬ್ಬರ ಹೆಸರಿಗೆ ಒಂದೊಂದು ಗುಟುಕು. ಕಾಕಾ ಮುಗಿಯುವಷ್ಟರಲ್ಲಿ ಅದು ತುಟಿ ಬಿಗಿಯುತ್ತಿತ್ತು, ನಿಪ್ಪಲನ್ನು ನಾಲಿಗೆಯಿಂದ ನೂಕುತ್ತಿತ್ತು, ಮುಖ ಎಡಕ್ಕೆ ತಿರುವುತ್ತಿತ್ತು. ಬಾಟ್ಲಿಯೂ ಎಡಕ್ಕೆ ಹೋಗುತ್ತಿತ್ತು. ಬೀಗರೆಲ್ಲ ಇನ್ನೂ ಉಳಿದಿದ್ದರಲ್ಲ! ನಮ್ಮ ಬಳಗ ಚಿಕ್ಕದಿದ್ದರೆ ಕೂಸು ಪಾರಾಗುತ್ತಿತ್ತು. ಹೊಟ್ಟೆ ಬಿಗಿದು ಅತ್ತರೆ ಹಸಿವೆಂದು ಮತ್ತೆ ಬಾಟ್ಲಿ; ಕಕ್ಕಿದರೆ ಹೊಟ್ಟೆ ಖಾಲಿಯಾಯಿತೆಂದು ಮತ್ತೆ ಬಾಟ್ಲಿ.

ನಿನ್ನೆ ನರ್ಸ್ ಮುನವ್ವರ ಬೇಗಂ ತಮ್ಮ ಮಗಳು ಸಾಯಿಮಾಳ ಮದುವೆ ಕಾರ್ಡಿಗೆ ಬಂದಿದ್ದರು. ಖಾಲಿ ತೊಟ್ಟಿಲು ನೋಡಿ ಕೂಸಿನ ಬಗ್ಗೆ ಕೇಳಿದರು. ನಾನು ಹೆಮ್ಮೆಯಿಂದ ಪ್ರಾಸ ಹೇಳಿದೆ. ಅವರು ನಗಲಿಲ್ಲ. “ಅರೆ ನರಸಿಂಗ ಭಾಯಿ, ಮಾರಿ ತಿರುವಿದ್ರ ಕೂಸು ಸಾಕು ಅಂದಂಗರಿ! ಬಾಟ್ಲಿ ಹಾಲು ಸರಸರ ಇಳಿತದ, ಕೂಸಿನ ತಲಿ ಎತ್ತಿ ಹಿಡ್ಕೊಂಡು ತಡದ ತಡದ ಕುಡಿಸಬೇಕು. ಮಗಳ ಮದುವ್ಯಾಗ ನೀವು ಸಾಕಂದ್ರೂ ನಾ ಬಾಯಿ ಒತ್ತಿ ಬಿರ್ಯಾನಿ ತುರುಕಲೇನ್ರಿ?” ಎಂದರು. ಸಾಯಿಮಾಳ ಕಾರ್ಡಿಗೆ ಒಂದು ಪ್ರಾಸವೂ ಹೊಳೆಯಲಿಲ್ಲ. ಬರೀ ತಾರೀಖು, ಸ್ಥಳ ಬರೆದುಕೊಂಡೆ.

ನಿನ್ನ ತಾಯಿ ಕೇಶರಬಾಯಿಯವರಿಗೆ ನನ್ನ ನಮಸ್ಕಾರ ಹೇಳು. ಕೂಸಿಗೆ ಒಂದು ಮುತ್ತು. ಮುಖ ತಿರುವಿದರೆ ಅದೂ ಬೇಡ. ತಾಯಿ ಮಗಳು ಸುಖವಾಗಿರಿ.

ನಿನ್ನ ಮಾವ,
ನರಸಿಂಗ

ತಾ.ಕ.: ಮೇಲೆ ಬರೆದದ್ದು ಸುಲಭದ್ದು. ದಿನಾಲೂ ಸಂಜೆ ಐದಕ್ಕೆ, ನಿನ್ನ ಬಸ್ಸು ಬರುವ ಮುಂಚೆ, ದಣಿದು ಬಂದವಳು ಅಳುವ ಕೂಸನ್ನು ನೋಡಬಾರದೆಂದು, ಶಾಲುಬಾಯಿಗೂ ತಿಳಿಯದಂತೆ ಒಂದು ತುಂಬು ಬಾಟ್ಲಿ ಕುಡಿಸುತ್ತಿದ್ದೆ. ಹೊಟ್ಟೆ ಬಿರಿದ ಕೂಸು ನಿನ್ನ ಎದೆಗೆ ಬಾಯಿ ಹಚ್ಚಲಿಲ್ಲ. “ಇಕಿ ಹಾಲು ಕೂಸಿಗಿ ಹತ್ತವಲ್ದು, ಬಿಡಿಸಿಬಿಡ್ರಿ” ಎಂದು ನಿನ್ನ ಅತ್ತೆ ಎಲ್ಲರೆದುರು ಅಂದಾಗ, ನೀನು ಅಳುತ್ತ ಒಳಗೆ ಹೋದಾಗ, ನಾನು ಬಾಟ್ಲಿಯನ್ನು ಬೆನ್ನ ಹಿಂದೆ ಹಿಡಿದು ಸುಮ್ಮನೆ ನಿಂತಿದ್ದೆ. ನಾಳೆಯಿಂದ ಎದೆಹಾಲು ಬಿಡಿಸುತ್ತೀಯಂತೆ. ಬಿಡಿಸಬೇಡಮ್ಮ. ತಪ್ಪು ನಿನ್ನ ಹಾಲಿನದಲ್ಲ, ನನ್ನದು. ಸ್ವಪ್ನಿಲ ಹೊರಗೆ ಗಾಡಿ ಚಾಲೂ ಮಾಡಿದ್ದಾನೆ. ಅವನನ್ನು ಒಳಗೆ ಕರೆದು, ಅವನೆದುರೇ ಇದನ್ನು ಶಾಲುಬಾಯಿಗೆ ಗಟ್ಟಿಯಾಗಿ ಓದಿ ಆಮೇಲೆ ಲಕೋಟೆಗೆ ಹಾಕುತ್ತೇನೆ. ಕಾಗದ ನಿನ್ನ ಕೈ ಸೇರಿದರೆ, ಓದಿದೆನೆಂದೇ ತಿಳಿ.