ಎಪ್ಪತ್ತಕ್ಕೆ ಇಳಿಸಿ

ಮಾರ್ಚ್ ೧೭, ಭಾನುವಾರ
ಬೆಳಿಗ್ಗೆ

ಇವರಿಗೆ,

ನಾನು, ಅತ್ತೆ ಇಬ್ಬರೂ ಆರೋಗ್ಯವಾಗಿದ್ದೇವೆ. ನೀವೂ ಹಾಗೇ ಇದ್ದೀರಿ ಅಂದುಕೊಂಡಿದ್ದೇನೆ. ಕಳೆದ ತಿಂಗಳ ಕೊನೆಗೆ ಫೋನಿನಲ್ಲಿ ದನಿ ಸ್ವಲ್ಪ ಕಟ್ಟಿದಂತಿತ್ತು, ನೆಗಡಿಯಾಗಿತ್ತೇನೋ. ಕಾಗದದಲ್ಲಿ ನಿಮ್ಮನ್ನು ಏನೆಂದು ಕರೆಯಬೇಕೆಂದು ತುಂಬ ಹೊತ್ತು ಯೋಚಿಸಿದೆ. ಮದುವೆಯಾಗಿ ಹನ್ನೊಂದು ವರ್ಷವಾದರೂ ಒಂದು ಕಾಗದ ಬರೆದವಳಲ್ಲ ನಾನು. ನಾಲ್ಕು ಜನರ ಮುಂದೆ ‘ಇವರು’ ಅನ್ನುತ್ತಿದ್ದೆ. ಅದನ್ನೇ ಬರೆದಿದ್ದೇನೆ.

ಈ ವಾರದೊಳಗೆ ನಮ್ಮ ಕಚೇರಿಯಿಂದ ನಿಮ್ಮ ಸೋಲಾರ್ ಪಾರ್ಕಿಗೆ ಒಂದು ಪತ್ರ ಬರುತ್ತದೆ. ನಾನು ಏನು ಮಾಡಿದೆ ಎನ್ನುವುದು ಅದರಲ್ಲಿ ಇರುತ್ತದೆ. ಯಾಕೆ ಮಾಡಿದೆ ಎನ್ನುವುದು ಇರುವುದಿಲ್ಲ. ಅದಕ್ಕಿಂತ ಮೊದಲು ಇದು ನಿಮ್ಮ ಕೈಗೆ ಸಿಗಲಿ. ನಿಮಗೆ ಗೊತ್ತಿರುವುದನ್ನೂ ಸೇರಿಸಿ ಮೊದಲಿಂದ ಹೇಳುತ್ತೇನೆ, ಬೇಸರಪಡಬೇಡಿ. ಮಧ್ಯದಿಂದ ಶುರು ಮಾಡಿದರೆ ನಾನು ಎಲ್ಲೋ ಒಂದು ಕಡೆ ನುಣುಚಿಕೊಂಡುಬಿಡುತ್ತೇನೆ.

ನಿಮ್ಮ ತಮ್ಮ ಲೈನ್ ರಿಪೇರಿಗೆ ಕಂಬ ಹತ್ತಿದ ದಿನ ಕಂಟ್ರೋಲ್ ರೂಮಿನಲ್ಲಿ ಇದ್ದವಳು ನಾನು. ಲೈನ್ ಬಂದ್ ಮಾಡಿ ಅಂತ ಕೇಳಲು ಅವನೇ ಫೋನ್ ಮಾಡಿದ್ದ. ಕೆಲಸದ ಫೋನಿನಲ್ಲಿ ಸಂಬಂಧ ಹಿಡಿದು ಕರೆಯಬಾರದು ಅಂತ ಎಷ್ಟು ಸಲ ಹೇಳಿದ್ದೆ. ಆವತ್ತೂ, ‘ಅತ್ತಿಗೆ, ಬೇಗ ಕೊಡಿ, ಹೊಟ್ಟೆ ಹಸೀತಿದೆ’ ಅಂದ. ನಾನು ಲೈನ್ ಬಂದ್ ಮಾಡಿದೆ, ಎರಡು ಸಲ ಪರದೆ ನೋಡಿ ಖಾತ್ರಿ ಮಾಡಿಕೊಂಡೆ, ಸಮಯ ಓದಿ ಹೇಳಿ ಅನುಮತಿ ಕೊಟ್ಟೆ. ಆ ಲೈನಿನ ತುದಿಯಲ್ಲಿದ್ದ ಹಿಟ್ಟಿನ ಗಿರಣಿಯವನು ಕರೆಂಟ್ ಹೋಯಿತೆಂದು ತನ್ನ ಜನರೇಟರ್ ಹಾಕಿದ. ಅದು ತಿರುಗಿ ತಂತಿಗೆ ಹರಿಯಿತು. ತಂತಿಯನ್ನು ನೆಲಕ್ಕೆ ಕಟ್ಟುವ ಮೊದಲೇ ನಿಮ್ಮ ತಮ್ಮ ಕೈ ಹಾಕಿದ್ದ. ಅವನ ಸಾವಿನ ವಿಚಾರಣೆಯಲ್ಲಿ ನನ್ನ ತಪ್ಪಿಲ್ಲ ಅಂದರು. ನೀವು ನನ್ನ ತಪ್ಪು ಅನ್ನಲಿಲ್ಲ. ತಪ್ಪಲ್ಲ ಅಂತಲೂ ಅನ್ನಲಿಲ್ಲ.

ಆಮೇಲೆ ನಾಲ್ಕು ತಿಂಗಳು ಒಂದೇ ಮನೆಯಲ್ಲಿ ಇದ್ದೆವು. ನೀವು ಪೇಪರ್ ಓದುತ್ತಿದ್ದಿರಿ, ನಾನು ಪಾತ್ರೆ ತೊಳೆಯುತ್ತಿದ್ದೆ. ಪಾರ್ಕಿನ ಕೆಲಸಕ್ಕೆ ಹೊರಟಾಗ ನೀವು ‘ಬರ್ತೀಯಾ?’ ಅಂತ ಕೇಳಿದಿರಿ. ಆಗ ನಾನು ಒಣಗಿದ ಬಟ್ಟೆ ಮಡಚುತ್ತಿದ್ದೆ. ಮಡಚುತ್ತಲೇ ಇದ್ದೆ. ಎಷ್ಟು ಹೊತ್ತು ನಿಂತಿದ್ದಿರೋ ಗೊತ್ತಿಲ್ಲ, ತಲೆ ಎತ್ತಿದಾಗ ಬಾಗಿಲಲ್ಲಿ ಯಾರೂ ಇರಲಿಲ್ಲ. ಬರುವುದಿಲ್ಲ ಅಂತ ನಾನು ತೀರ್ಮಾನಿಸಿರಲಿಲ್ಲ. ಮಲಗಿ ಎದ್ದಾಗ ಜೋಮು ಹಿಡಿದ ಕೈ ಇರುತ್ತದಲ್ಲ, ತನ್ನದೇ ಕೈ ಆದರೂ ಎತ್ತಬೇಕೆಂದರೆ ಏಳುವುದಿಲ್ಲ, ಹಾಗಾಗಿತ್ತು ನನಗೆ. ಈಗಲೂ ಪೂರ್ತಿ ಬಿಟ್ಟಿಲ್ಲ.

ಅತ್ತೆ ನಿಮ್ಮ ಜೊತೆ ಬರದೆ ನನ್ನ ಹತ್ತಿರ ಉಳಿದದ್ದು ಎಲ್ಲರಿಗೂ ಆಶ್ಚರ್ಯ. ಪಕ್ಕದ ಮನೆಯವರು ಕೇಳಿದ್ದಕ್ಕೆ, ‘ಇವಳ ಅಡುಗೆ ಕೆಟ್ಟದ್ದು. ಆದ್ರೆ ನನ್ನ ಮಗನ ಅಡುಗೆ ಇನ್ನೂ ಕೆಟ್ಟದ್ದು’ ಅಂದರು. ಬೇರೆ ಕಾರಣ ಹೇಳಲಿಲ್ಲ.

ಇನ್ನು ಫೋನಿನ ವಿಷಯ. ನಿಮ್ಮದೂ ಸೇರಿ ಆ ಬಯಲಿನ ನಾಲ್ಕು ಪಾರ್ಕುಗಳು ಮಧ್ಯಾಹ್ನ ಆರುನೂರು ಮೆಗಾವ್ಯಾಟ್ ಹುಟ್ಟಿಸುತ್ತವೆ. ನಗರಕ್ಕೆ ತರುವ ಲೈನ್ ಒಂದೇ, ಅದು ನಾನೂರರ ಮೇಲೆ ಹೊರುವುದಿಲ್ಲ. ಎರಡನೆಯ ಲೈನಿನ ಗೋಪುರಗಳು ಅರ್ಧ ಎದ್ದು ಮೂರು ವರ್ಷದಿಂದ ಹಾಗೇ ನಿಂತಿವೆ. ಬಿಸಿಲು ಏರಿದ ಹೊತ್ತಿಗೆ ನಾವು ಬಿಸಿಲನ್ನೇ ಬೇಡ ಅನ್ನಬೇಕು. ನಿಯಮದ ಪ್ರಕಾರ ನಾಲ್ಕೂ ಪಾರ್ಕುಗಳನ್ನು ಸಮನಾಗಿ ನೂರಕ್ಕೆ ಇಳಿಸಬೇಕು. ಅದಕ್ಕೆ ಫೋನ್ ಬೇಡ, ಪರದೆಯಲ್ಲಿ ಒಂದು ಗುಂಡಿ ಒತ್ತಿದರೆ ಸಂದೇಶ ಹೋಗುತ್ತದೆ. ತುರ್ತು ಇದ್ದರೆ ಮಾತ್ರ ಯಾವುದಾದರೂ ಒಂದು ಪಾರ್ಕಿಗೆ ಫೋನ್ ಮಾಡಿ ಹೆಚ್ಚು ಇಳಿಸಬಹುದು.

ನನಗೆ ಪ್ರತಿದಿನ ತುರ್ತು ಇತ್ತು.

ಹನ್ನೆರಡು ಗಂಟೆ ದಾಟುತ್ತಿದ್ದಂತೆ ನಾನು ಫೋನ್ ಎತ್ತುತ್ತಿದ್ದೆ. ‘ಕಂಟ್ರೋಲ್ ರೂಮಿನಿಂದ. ಎಪ್ಪತ್ತಕ್ಕೆ ಇಳಿಸಿ.’ ಆ ಕಡೆಯಿಂದ ನೀವು, ‘ಎಪ್ಪತ್ತಕ್ಕೆ ಇಳಿಸ್ತಿದ್ದೀನಿ. ಸಮಯ ಹನ್ನೆರಡು ಹತ್ತು.’ ಅಷ್ಟೇ. ಕೆಲವು ದಿನ ನಿಮ್ಮ ಹಿಂದೆ ಗಾಳಿ ಕೇಳುತ್ತಿತ್ತು, ಕೆಲವು ದಿನ ಫಲಕ ತೊಳೆಯುವ ನೀರಿನ ಸದ್ದು. ಒಂದು ದಿನ ನೀವು ಬಿಕ್ಕಳಿಸುತ್ತಿದ್ದಿರಿ, ‘ಎಪ್ಪತ್ತಕ್ಕೆ’ ಅನ್ನುವುದನ್ನು ಮೂರು ಸಲ ಹೇಳಬೇಕಾಯಿತು. ಸಂಜೆ ಮನೆಗೆ ಬಂದರೆ ಅತ್ತೆ ಕಾದಿರುತ್ತಿದ್ದರು. ‘ಇವತ್ತು ಮಾತಾಡಿದ್ನಾ?’ ‘ಮಾತಾಡಿದ್ರು.’ ‘ಏನಂದ?’ ‘ಎಪ್ಪತ್ತಕ್ಕೆ ಇಳಿಸ್ತೀನಿ ಅಂದ್ರು.’ ‘ಹೂಂ. ನಿನ್ನೆನೂ ಅದೇ ಅಂದಿದ್ದ’ ಅಂತ ಅವರು ತರಕಾರಿ ಹೆಚ್ಚಲು ಕೂರುತ್ತಿದ್ದರು. ಮೋಡದ ತಿಂಗಳುಗಳಲ್ಲಿ ಇಳಿಸಲು ಏನೂ ಇರುತ್ತಿರಲಿಲ್ಲ. ಆಗ ಅವರು ಕೇಳುತ್ತಲೂ ಇರಲಿಲ್ಲ, ಬಾಲ್ಕನಿಗೆ ಹೋಗಿ ಆಕಾಶ ನೋಡಿ ಬರುತ್ತಿದ್ದರು.

ಪ್ರತಿ ಕರೆಗೂ ರಿಜಿಸ್ಟರಿನಲ್ಲಿ ಕಾರಣ ಬರೆಯಬೇಕು. ‘ಪಾರ್ಕಿನ ಕಡೆ ವೋಲ್ಟೇಜ್ ಏರಿಳಿತ’ ಅಂತ ಬರೆಯುತ್ತಿದ್ದೆ. ಅದು ಸುಳ್ಳು. ನಿಮ್ಮ ವೋಲ್ಟೇಜ್ ಒಂದು ದಿನವೂ ಅಲುಗಾಡಿರಲಿಲ್ಲ. ಹೀಗೆ ಎರಡು ವರ್ಷದಲ್ಲಿ ನಾನೂರ ಹನ್ನೆರಡು ಸಲ ಬರೆದೆ. ಅದರಿಂದ ಯಾರಿಗೆ ಏನಾಗುತ್ತದೆ ಅಂತ ಒಂದು ಸಲವೂ ಯೋಚಿಸಲಿಲ್ಲ. ಯೋಚಿಸಿದ್ದೆ ಅಂತ ಹೇಳಿದರೆ ಸ್ವಲ್ಪ ಮರ್ಯಾದೆಯಾದರೂ ಉಳಿಯುತ್ತಿತ್ತು, ಆದರೆ ಇಲ್ಲ.

ಜನವರಿಯಲ್ಲಿ ಸಮಿತಿ ಬಂತು. ಮುಂದಿನ ಮೂವತ್ತು ವರ್ಷಕ್ಕೆ ಏನು ಕಟ್ಟಬೇಕು, ಬಿಸಿಲನ್ನು ನಂಬಬಹುದೋ ಹಳೆಯ ಕಲ್ಲಿದ್ದಲು ಸ್ಥಾವರವನ್ನೇ ರಿಪೇರಿ ಮಾಡಿ ಮುಂದುವರಿಸಬೇಕೋ ಅನ್ನುವುದನ್ನು ನೋಡುವ ಸಮಿತಿ. ನೀವು ಅದಕ್ಕೆ ಬ್ಯಾಟರಿಯ ಪ್ರಸ್ತಾವ ಕೊಟ್ಟಿದ್ದೀರಿ ಅನ್ನುವುದು ನನಗೆ ಗೊತ್ತಾದದ್ದು ಆಗಲೇ. ಹನ್ನೆರಡು ಪುಟ, ಕೊನೆಯಲ್ಲಿ ನಿಮ್ಮ ಸಹಿ. ಪಾರ್ಕಿಗೆ ಜಮೀನು ಬಿಟ್ಟುಕೊಟ್ಟ ಮೂರು ಊರುಗಳ ಬಗ್ಗೆ ಬರೆದಿದ್ದಿರಿ. ಹಗಲೆಲ್ಲ ಅವರ ತಲೆಯ ಮೇಲಿಂದಲೇ ಕರೆಂಟ್ ನಗರಕ್ಕೆ ಹೋಗುತ್ತದೆ, ಸಂಜೆ ಕೊರತೆ ಬಿದ್ದ ಕೂಡಲೇ ಮೊದಲು ಕತ್ತಲಾಗುವುದು ಅವರ ಮನೆ. ಅಲ್ಲಿನ ಆಸ್ಪತ್ರೆಯ ನರ್ಸಮ್ಮ ಲಸಿಕೆಯ ಡಬ್ಬಿಯನ್ನು ಐಸಿನಲ್ಲಿಟ್ಟು ಸೈಕಲ್ಲಿನಲ್ಲಿ ಹೊತ್ತು ತಿರುಗುತ್ತಾರೆ ಅಂತ ಒಂದು ಪ್ಯಾರಾ ಇತ್ತು. ಮಧ್ಯಾಹ್ನ ನಾವು ಬೇಡ ಅಂದ ಬಿಸಿಲನ್ನು ಬ್ಯಾಟರಿಯಲ್ಲಿ ಹಿಡಿದಿಟ್ಟು ಸಂಜೆ ಆ ಊರುಗಳಿಗೆ ಕೊಡೋಣ ಅಂದಿದ್ದಿರಿ. ‘ನಾನು ಅವರಿಗೆ ಮಾತು ಕೊಟ್ಟಿದ್ದೇನೆ’ ಅನ್ನುವ ಸಾಲನ್ನು ಸರ್ಕಾರಿ ಕಾಗದದಲ್ಲಿ ಬರೆಯುವವರು ನೀವೊಬ್ಬರೇ ಇರಬೇಕು.

ಫೆಬ್ರವರಿ ಕೊನೆಗೆ ಸಮಿತಿಯ ವರದಿಯ ಕರಡು ನಮ್ಮ ಕಚೇರಿಗೆ ಬಂತು, ಅಂಕಿಅಂಶ ಸರಿ ಇದೆಯೇ ನೋಡಿ ಕೊಡಲು. ನಾಲ್ಕು ಪಾರ್ಕುಗಳ ಪೈಕಿ ನಿಮ್ಮದು ಅತಿ ದುರ್ಬಲ, ನಾನೂರಕ್ಕೂ ಹೆಚ್ಚು ಸಲ ಏರಿಳಿತ, ಬ್ಯಾಟರಿ ಹಾಕುವುದು ವ್ಯರ್ಥ ಅಂತಿತ್ತು. ಅದರ ಕೆಳಗೆ, ನಮ್ಮಲ್ಲಿ ಬಿಸಿಲಿನ ವಿದ್ಯುತ್ತನ್ನು ಇನ್ನೂ ನೆಚ್ಚಿಕೊಳ್ಳುವಂತಿಲ್ಲ, ಕಲ್ಲಿದ್ದಲು ಸ್ಥಾವರವನ್ನು ಇಪ್ಪತ್ತು ವರ್ಷ ಮುಂದುವರಿಸಬಹುದು ಅಂತ. ನಾನು ಅದನ್ನು ಓದಿ ಮುಗಿಸಿ, ಬಾಟಲಿಯ ನೀರು ಕುಡಿದು, ಮತ್ತೆ ಓದಿದೆ. ಗಂಟೆ ಹನ್ನೆರಡಾಗುತ್ತಿತ್ತು. ಹೇಳಲು ನಾಚಿಕೆಯಾಗುತ್ತದೆ, ಆವತ್ತೂ ಫೋನ್ ಮಾಡಿದೆ. ಆವತ್ತೂ ಅದೇ ಕಾರಣ ಬರೆದೆ.

ಸಂಜೆ ಅತ್ತೆಗೆ ಎಲ್ಲ ಹೇಳಿದೆ. ಅವರು ಬಟಾಣಿ ಬಿಡಿಸುತ್ತಿದ್ದರು. ಬೈಯುತ್ತಾರೆ ಅಂದುಕೊಂಡಿದ್ದೆ. ‘ಆ ಮೂರು ಊರಿನೋರು ನಿಂಗೇನ್ ಮಾಡಿದ್ರು?’ ಅಂತ ಕೇಳಿದರು. ಏನೂ ಮಾಡಿಲ್ಲ ಅಂದೆ. ಇನ್ನೊಂದು ಕಾಯಿ ಬಿಡಿಸಿ, ‘ಚಿಕ್ಕೋನು ಹೋದ. ಅದು ನಮ್ಮ ಕೈಯಲ್ಲಿರಲಿಲ್ಲ. ನೀವಿಬ್ರು ಯಾಕೆ ಹೋದ್ರಿ?’ ಅಂದರು. ಉತ್ತರಕ್ಕೆ ಕಾಯದೆ ಬಟಾಣಿ ಬೇಯಲು ಇಟ್ಟು ರೇಡಿಯೋ ಹಾಕಿಕೊಂಡರು.

ಮರುದಿನ ನಾನಾಗಿಯೇ ಸಮಿತಿಯ ಅಧ್ಯಕ್ಷೆಯ ಹತ್ತಿರ ಹೋದೆ. ನಿವೃತ್ತ ಇಂಜಿನಿಯರ್ ಅವರು, ದಪ್ಪ ಕನ್ನಡಕ, ಮೇಜಿನ ತುಂಬ ನಕ್ಷೆಗಳು. ಏರಿಳಿತ ಇರಲಿಲ್ಲ, ನಾನೇ ಬರೆದದ್ದು ಅಂದೆ.

‘ಯಾಕೆ?’ ಅಂದರು.

‘ಫೋನ್ ಮಾಡೋಕೆ ಕಾರಣ ಬೇಕಿತ್ತು.’

‘ಯಾರಿಗೆ?’

‘ನಮ್ಮನೆಯವರಿಗೆ. ಆ ಪಾರ್ಕಿನಲ್ಲಿದ್ದಾರೆ.’

ಅವರು ಕನ್ನಡಕ ತೆಗೆದಿಟ್ಟರು. ‘ಮನೇಲಿ ಫೋನ್ ಇಲ್ವಾ?’

‘ಇದೆ. ಅದರಲ್ಲಿ ಏನು ಹೇಳ್ಬೇಕು ಅಂತ ಗೊತ್ತಾಗಲ್ಲ’ ಅಂದೆ.

ಅವರು ನಗಲಿಲ್ಲ, ಸಿಟ್ಟೂ ಆಗಲಿಲ್ಲ. ಕಿಟಕಿಯ ಕಡೆ ನೋಡುತ್ತಾ ನಿಧಾನಕ್ಕೆ ಹೇಳಿದರು: ‘ನೋಡಮ್ಮ, ನಮ್ಮಂಥ ದೇಶಕ್ಕೆ ಇಂಥದ್ದನ್ನೆಲ್ಲ ಒಂದು ಸಲ ಮಾತ್ರ ಕಟ್ಟೋ ಶಕ್ತಿ ಇರೋದು. ತಪ್ಪು ಕಡೆ ಕಟ್ಟಿದ್ರೆ ಮೂವತ್ತು ವರ್ಷ ಅದನ್ನೇ ಹೊತ್ಕೊಂಡಿರ್ಬೇಕು. ಬಿಸಿಲು ಬೇಕಾದಷ್ಟಿದೆ. ತಂತಿ ಎಳೀಬಹುದು, ಬ್ಯಾಟರಿ ತರಬಹುದು. ಆದ್ರೆ ನಂಬೋದಕ್ಕೆ ನಮಗಿರೋದು ನೀವು ಬರೆಯೋ ರಿಜಿಸ್ಟರು ಒಂದೇ.’ ಹೌದು ಅಂದೆ.

ಆಮೇಲೆ ಎರಡು ವಾರ ಒಂದು ಸಣ್ಣ ಕೋಣೆಯಲ್ಲಿ ಕೂರಿಸಿ ಎಲ್ಲ ಕರೆಗಳ ಧ್ವನಿಮುದ್ರಣ ಹಾಕಿದರು. ನಾನು ಕೇಳಿ, ಆ ಹೊತ್ತಿನ ನಿಜವಾದ ವೋಲ್ಟೇಜ್ ಹುಡುಕಿ, ಒಂದೊಂದೇ ತಿದ್ದಿ ಸಹಿ ಹಾಕಬೇಕು. ತಿದ್ದಿ ಮುಗಿದಾಗ ನಿಮ್ಮ ಪಾರ್ಕು ನಾಲ್ಕರಲ್ಲಿ ಮೊದಲನೆಯದಾಗಿತ್ತು. ವರದಿಯನ್ನು ಹೊಸದಾಗಿ ಬರೆಯುತ್ತಿದ್ದಾರೆ. ನಿಮ್ಮ ಬ್ಯಾಟರಿಯ ಪ್ರಸ್ತಾವವನ್ನು ಮತ್ತೆ ಮೇಜಿಗೆ ತಂದಿದ್ದಾರೆ. ಒಪ್ಪಿಗೆ ಆಗಿಯೇ ಆಗುತ್ತದೆ ಅಂತ ಯಾರೂ ಹೇಳಲಿಲ್ಲ, ನಾನೂ ಹೇಳುವುದಿಲ್ಲ. ಆ ಸ್ಥಾವರದಲ್ಲಿ ಎರಡು ಸಾವಿರ ಜನ ಕೆಲಸಕ್ಕಿದ್ದಾರೆ, ಅವರ ಕಡೆಯವರೂ ದಿನಾ ಅಧ್ಯಕ್ಷೆಯ ಬಾಗಿಲಲ್ಲಿ ನಿಂತಿರುತ್ತಾರೆ. ಆದರೆ ಇಪ್ಪತ್ತು ವರ್ಷ ಅಂತಿದ್ದ ಜಾಗದಲ್ಲಿ ಈಗ ಏನೂ ಬರೆದಿಲ್ಲ. ನಾನು ನೋಡಿದೆ.

ನನ್ನನ್ನು ಕಂಟ್ರೋಲ್ ರೂಮಿನಿಂದ ತೆಗೆದಿದ್ದಾರೆ. ನಾಳೆಯಿಂದ ಮೀಟರ್ ಪರೀಕ್ಷೆಯ ವಿಭಾಗ. ನೆಲಮಾಳಿಗೆ, ಕಿಟಕಿ ಇಲ್ಲ. ಬೇಸರವೇನೂ ಆಗಿಲ್ಲ. ನಿಮ್ಮ ನಾಲ್ಕೂ ಪಾರ್ಕುಗಳನ್ನು ಇನ್ನು ಮುಂದೆ ಕಂಪ್ಯೂಟರೇ ಸಮನಾಗಿ ಇಳಿಸುತ್ತದೆ. ಹನ್ನೆರಡು ಗಂಟೆಗೆ ನಿಮಗೆ ಯಾರೂ ಫೋನ್ ಮಾಡುವುದಿಲ್ಲ.

ನೀವು ಆ ಮೂರು ಊರಿನವರಿಗೆ ಏನು ಹೇಳಬೇಕೋ ಹೇಳಿ. ನನ್ನ ಹೆಸರು ಹಿಡಿದೇ ಹೇಳಬಹುದು. ಕ್ಷಮಿಸಿ ಅನ್ನುವ ಮಾತನ್ನು ಎರಡು ಸಲ ಬರೆದು ಹೊಡೆದುಹಾಕಿದೆ. ಬರೆದರೆ ನನಗೆ ಹಗುರವಾಗುತ್ತದೆ, ಅವರ ಮನೆಗೆ ದೀಪ ಬರುವುದಿಲ್ಲ. ನಿಮ್ಮ ತಮ್ಮನ ವಿಷಯದಲ್ಲಿ ನಿಮ್ಮನ್ನು ಏನೂ ಕೇಳುವುದಿಲ್ಲ. ಕೇಳಬೇಕೆಂದು ಅಂದುಕೊಂಡೇ ಕೂತೆ, ಇಲ್ಲಿಗೆ ಬರುವಷ್ಟರಲ್ಲಿ ಪ್ರಶ್ನೆ ಏನೆಂಬುದೇ ಮಸುಕಾಗಿದೆ.

ಅತ್ತೆಗೆ ಮಂಡಿನೋವು ಕಡಿಮೆಯಾಗಿದೆ. ನಿಮ್ಮ ಉಣ್ಣೆಯ ಅಂಗಿ ಇಲ್ಲೇ ಉಳಿದಿತ್ತು, ಬೇರೆ ಪಾರ್ಸೆಲ್ಲಿನಲ್ಲಿ ಕಳಿಸುತ್ತಿದ್ದೇನೆ.

ಇಷ್ಟು ನನ್ನಿಂದ,
ನಿಮ್ಮ ಮನೆಯಲ್ಲಿರುವವಳು

ತಾ.ಕ.: ಧ್ವನಿಮುದ್ರಣ ಕೇಳುವಾಗ ನಾನು ರಜೆ ಹಾಕಿದ ದಿನಗಳದ್ದೂ ಬಂದವು. ಆ ದಿನಗಳಲ್ಲಿ ನಮ್ಮ ಕಡೆಯಿಂದ ನಿಮ್ಮ ಪಾರ್ಕಿಗೆ ಒಂದೂ ಕರೆ ಹೋಗಿಲ್ಲ. ನಿಮ್ಮ ಕಡೆಯಿಂದ ಬಂದಿದೆ. ಹನ್ನೆರಡೂವರೆಗೆ ನೀವು, ‘ಇವತ್ತು ಇಳಿಸೋದೇನೂ ಇಲ್ವಾ?’ ಅಂತ ಕೇಳುತ್ತೀರಿ. ಡ್ಯೂಟಿಯಲ್ಲಿದ್ದವರು, ‘ಇಲ್ಲ ಸರ್, ಸಂದೇಶ ಬಂದಿದೆಯಲ್ಲ, ಅಷ್ಟೇ’ ಅನ್ನುತ್ತಾರೆ. ನೀವು, ‘ಮೇಡಂ?’ ಅನ್ನುತ್ತೀರಿ. ‘ರಜೆ’ ಅನ್ನುತ್ತಾರೆ. ‘ಹುಷಾರಾಗಿದ್ದಾರಾ?’ ಅಂತ ಕೇಳಿ, ಅವರು ಹೂಂ ಅಂದಮೇಲೆ ಫೋನ್ ಇಡುತ್ತೀರಿ. ಅಂಥ ಕರೆಗಳು ಮೂವತ್ತೇಳು. ಅವುಗಳಲ್ಲಿ ತಿದ್ದುವುದು ಏನೂ ಇಲ್ಲ ಅಂತ ಬರೆದು ಸಹಿ ಹಾಕಿದ್ದೇನೆ.