ಗಾಜಿನ ಕಪಾಟಿನಲ್ಲಿದ್ದ ರೇಡಾರ್

ಗಣಿ ಸುರಕ್ಷತಾ ನಿರ್ದೇಶಕರೇ,

‘ಮಾನ್ಯರೇ’ ಎಂದು ಆರಂಭಿಸುವುದು ರೂಢಿ. ಇವತ್ತು ಆ ಪದ ಬರೆಯಲು ಕೈ ಏಳುತ್ತಿಲ್ಲ. ಇಲಾಖೆಯ ಪ್ರದರ್ಶನ ಕೊಠಡಿಯಿಂದ ‘ಭೂಭೇದಕ ರೇಡಾರ್’ ಯಂತ್ರವನ್ನು ಅನುಮತಿಯಿಲ್ಲದೆ ತೆಗೆದುಕೊಂಡು ಹೋದದ್ದೇಕೆ ಎಂದು ನನಗೆ ನೋಟಿಸು ಕೊಟ್ಟಿದ್ದೀರಿ. ನಿಮಗೊಬ್ಬರಿಗೇ ಉತ್ತರಿಸಿದರೆ ಅದು ಕಡತಗಳಡಿ ಹೂತುಹೋಗುತ್ತದೆ. ಹೂತುಹೋಗುವುದೆಂದರೇನೆಂದು ಈಗಷ್ಟೇ ಕಣ್ಣಾರೆ ಕಂಡಿದ್ದೇನೆ. ಆದ್ದರಿಂದ ಎಲ್ಲರಿಗೂ ಕೇಳುವಂತೆ ಬರೆಯುತ್ತಿದ್ದೇನೆ.

ಆ ಯಂತ್ರ ಸೂಟ್‌ಕೇಸಿನಷ್ಟು ದೊಡ್ಡದು. ಕೋಲಿಗೆ ಕಟ್ಟಿ ಸುರಂಗದ ಚಾವಣಿಗೆ ಒತ್ತಿಕೊಂಡು ನಡೆದರೆ ಬಂಡೆಯೊಳಕ್ಕೆ ರೇಡಿಯೋ ಅಲೆ ಕಳಿಸುತ್ತದೆ. ಒಳಗೆ ಬಿರುಕೋ ಪೊಳ್ಳೋ ಇದ್ದರೆ ಅಲೆ ಅಲ್ಲಿಂದ ಮರಳಿ ಪರದೆಯ ಮೇಲೆ ಗೆರೆಯಾಗುತ್ತದೆ. ಒದ್ದೆ ಜೇಡಿಮಣ್ಣಿನಲ್ಲಿ ಅದರ ಆಟ ನಡೆಯದು, ಒಪ್ಪುತ್ತೇನೆ. ಆದರೆ ನಮ್ಮದು ಕಲ್ಲುಪ್ಪಿನ ಗಣಿ. ಒಣ ಉಪ್ಪಿನೊಳಗೆ ಅದು ಬಹಳ ಆಳದವರೆಗೆ ನೋಡಬಲ್ಲದು. ಸಲಾಕೆಯಿಂದ ಚಾವಣಿ ಬಡಿದು ಸದ್ದು ಕೇಳುವ ಹಳೆಯ ಕ್ರಮ ಕೆಳಪದರ ಸಡಿಲವಾಗಿದ್ದರಷ್ಟೇ ಹೇಳುತ್ತದೆ. ಅದಕ್ಕೂ ಮೇಲಿರುವ ಸೀಳು ಸಲಾಕೆಗೆ ಉತ್ತರ ಕೊಡುವುದಿಲ್ಲ.

ಗಣಿಯೊಳಗೆ ಉಪ್ಪು ತೆಗೆಯುವ ಪೂರ್ವದ ಕೊಠಡಿಯ ಚಾವಣಿಯಲ್ಲಿ ಅಂಥ ಗೆರೆ ನನಗೆ ಕಂಡಿತ್ತು. ಪ್ರತಿ ಸಲ ಅಳೆದಾಗಲೂ ಉದ್ದವಾಗುತ್ತಿತ್ತು. ನಾನು ಈ ಗಣಿಯ ಭೂವಿಜ್ಞಾನಿ. ಅದನ್ನು ನೋಡುವುದೇ ನನ್ನ ಕೆಲಸ. ನಿಮ್ಮ ತಣ್ಣನೆಯ ಕೋಣೆಗೆ ಬಂದು ಪರದೆಯ ಚಿತ್ರವನ್ನೇ ತೋರಿಸಿದೆ.

“ಒಂದು ಗೆರೆ ನೋಡಿ ಕೆಲಸ ನಿಲ್ಸಕ್ಕಾಗುತ್ತೇನಮ್ಮ? ಬಡಿದು ನೋಡಿದಾರೆ, ಗಟ್ಟಿಯಾಗೇ ಇದೆಯಂತೆ” ಅಂದಿರಿ.

“ಸರ್, ಅದು ಬೆಳೀತಾ ಇದೆ. ದಿನಾ ಅಳೆಯೋಕಾದ್ರೂ ಬಿಡಿ.”

“ಸುರಕ್ಷತಾ ಸಪ್ತಾಹಕ್ಕೆ ಅತಿಥಿಗಳು ಬರ್ತಾರೆ. ಯಂತ್ರ ಪ್ರದರ್ಶನಕ್ಕಿರ್ಲಿ. ಆಮೇಲೆ ಎಷ್ಟು ಬೇಕಾದ್ರೂ ಅಳೀರಿ.”

ಜೀವ ಕಾಯಬೇಕಾದ ಯಂತ್ರ ಗಾಜಿನ ಕಪಾಟು ಸೇರಿತು. ಪಕ್ಕದಲ್ಲಿ ‘ಕಾರ್ಮಿಕರ ಜೀವರಕ್ಷಕ’ ಎಂಬ ಫಲಕ. ಸಪ್ತಾಹ ಮುಗಿದರೂ ಅತಿಥಿಗಳು ಮುಗಿಯಲಿಲ್ಲ, ಯಂತ್ರ ಕೆಳಗಿಳಿಯಲಿಲ್ಲ. ಸುರಕ್ಷತೆಯನ್ನು ಇಷ್ಟು ಸುರಕ್ಷಿತವಾಗಿ ಬೀಗ ಹಾಕಿಟ್ಟ ಇಲಾಖೆ ಬೇರೆಲ್ಲಿದೆ?

ಆ ಕೊಠಡಿಯಲ್ಲಿ ಉಪ್ಪು ಕೊರೆಯುತ್ತಿದ್ದವರು ಇಬ್ಬರು. ಒಬ್ಬರು ನನ್ನ ಭಾವ, ಅಕ್ಕನ ಗಂಡ. ಇನ್ನೊಬ್ಬರು ಅವರ ಜೊತೆಗಾರ. ಕೊರೆಯುವ ಯಂತ್ರದ ಗದ್ದಲದಲ್ಲೂ ಈ ಜೊತೆಗಾರನ ಮಾತು ಕೇಳಿಸುತ್ತಿದ್ದರಿಂದ ಗಣಿಗೆಲ್ಲ ‘ಗಂಟಲಣ್ಣ’. ಅಕ್ಕನ ಅಡುಗೆಮನೆಯಲ್ಲಿ ನಿಂತು ಭಾವನಿಗೆ ಹೋಗಬೇಡಿ ಎಂದಿದ್ದೆ. ಅವರು ಬೂಟಿನ ದಾರ ಬಿಗಿಯುತ್ತಾ ತಲೆಯೆತ್ತದೆ ಹೇಳಿದರು: “ನಾನು ಹೋಗಲ್ಲ ಅಂದ್ರೆ ಇನ್ನೊಬ್ಬನನ್ನ ಕಳಿಸ್ತಾರೆ. ಬಿದ್ರೆ ಅವನ ಮೇಲೆ ಬೀಳ್ಲಿ ಅಂತೀಯಾ?” ಅಕ್ಕ ಒಲೆ ಆರಿಸಿ ನನ್ನ ಮುಖ ನೋಡಿದಳು. ಯಾರನ್ನೂ ಕಳಿಸಬೇಡಿ ಎನ್ನುವ ಅಧಿಕಾರ ನಿಮ್ಮಲ್ಲಿತ್ತು.

ಅದೇ ವಾರ ಆ ಚಾವಣಿ ಕುಸಿದು ಇಬ್ಬರೂ ಒಳಗೆ ಸಿಕ್ಕಿಕೊಂಡರು.

ಒಳಗೆ ನುಗ್ಗಲು ನಿಂತ ರಕ್ಷಣಾ ತಂಡದ ಮುಖ್ಯಸ್ಥರು ನನ್ನನ್ನು ಕೇಳಿದ್ದು ಒಂದೇ: “ನಾವು ಹೋಗೋ ದಾರಿ ಮೇಲಿನದು ನಿಲ್ಲುತ್ತಾ, ಮೇಡಂ?” ನಿಮಗೆ ಫೋನ್ ಮಾಡಿದೆ, ನೀವು ಸಭೆಯಲ್ಲಿದ್ದಿರಿ. ಕಪಾಟಿನ ಕೀಲಿ ನಿಮ್ಮ ಬಳಿಯೇ ಇತ್ತು. ಪ್ರದರ್ಶನ ಕೊಠಡಿಗೆ ಓಡಿ, ಬೆಂಕಿ ಆರಿಸುವ ಸಿಲಿಂಡರನ್ನು ಗೋಡೆಯಿಂದ ಕಿತ್ತು ಗಾಜು ಒಡೆದೆ. ನಿಮ್ಮ ನೋಟಿಸಿನ ಪ್ರಶ್ನೆಗೆ ಉತ್ತರ ಇಷ್ಟೇ.

ನೇರ ದಾರಿಯ ಚಾವಣಿಯಲ್ಲೂ ಸೀಳು ಕಂಡಿತು. ತಂಡ ಅಲ್ಲಿ ಕಾಲಿಟ್ಟಿದ್ದರೆ ಇವತ್ತು ಶೋಕ ಸಂದೇಶ ಬರೆಯುವ ಕೆಲಸ ನಿಮಗೆ ಹೆಚ್ಚುತ್ತಿತ್ತು. ಪಕ್ಕದ ಹಳೆಯ ಸುರಂಗದ ಚಾವಣಿ ಸೀಳಿಲ್ಲದೆ ಗಟ್ಟಿಯಾಗಿತ್ತು. ಆ ಕಡೆಯಿಂದ ಗೋಡೆ ಕೊರೆದು ಭಾವನನ್ನು ಹೊರಗೆಳೆದರು. ಒಂದು ಕಾಲು ಜಜ್ಜಿಹೋಗಿತ್ತು. ಅವರು ಮಾತ್ರ, “ನನ್ನ ಬಿಡಿ. ಅವನ ದನಿ ಕೇಳ್ತಿಲ್ಲ, ಮೊದಲು ಅವನನ್ನ ನೋಡಿ” ಎನ್ನುತ್ತಲೇ ಇದ್ದರು.

ಗಂಟಲಣ್ಣ ಬದುಕಿರಲಿಲ್ಲ. ಆಸ್ಪತ್ರೆಯ ಬೆಂಚಿನ ಮೇಲೆ ಅವರ ಹೆಂಡತಿ ನನ್ನ ಕೈ ಹಿಡಿದು ಕೇಳಿದರು, “ಮೊದಲೇ ಗೊತ್ತಿತ್ತಂತೆ, ಹೌದೇನಮ್ಮ?” ಹೌದು ಎಂದೆ. ಅವರು ಕೈ ಬಿಟ್ಟರು.

ಮಾರನೆಯ ದಿನ ನಿಮ್ಮ ಪ್ರಕಟಣೆ ಇದನ್ನು ‘ಅನಿರೀಕ್ಷಿತ ನೈಸರ್ಗಿಕ ಘಟನೆ’ ಎಂದಿತು. ಯಾರಿಗೆ ಅನಿರೀಕ್ಷಿತ? ಚಿತ್ರ ನೋಡಿದ ನಿಮಗೋ? ನಿಸರ್ಗ ತನ್ನ ಪಾಡಿಗೆ ಎಚ್ಚರಿಕೆ ಕೊಡುತ್ತಲೇ ಇತ್ತು. ಎಚ್ಚರಿಕೆಗೆ ಕಿವಿಗೊಡದಿದ್ದುದನ್ನು ನಿಸರ್ಗದ ತಲೆಗೆ ಕಟ್ಟುವುದು ಯಾವ ವಿಜ್ಞಾನ?

ನೋಟಿಸು ಹಿಂತೆಗೆಯಿರಿ ಎಂದು ನಾನು ಬೇಡುತ್ತಿಲ್ಲ. ನನ್ನ ಬೇಡಿಕೆ ಬೇರೆ. ರೇಡಾರ್ ಹಾಯಿಸಿ ನೋಡದ ಯಾವ ಚಾವಣಿಯ ಕೆಳಗೂ ಯಾರನ್ನೂ ಕಳಿಸಬೇಡಿ. ಸೀಳು ಕಂಡಲ್ಲಿ ಕೆಲಸ ನಿಲ್ಲಿಸುವ ಅಧಿಕಾರವನ್ನು, ಅದನ್ನು ಕಂಡವರಿಗೇ ಕೊಡಿ. ನಿನ್ನೆ ಪಶ್ಚಿಮದ ಕೊಠಡಿಯಲ್ಲೂ ಅಂಥದ್ದೇ ಗೆರೆ ಕಂಡಿದೆ. ನಾಳೆ ಬೆಳಗ್ಗೆ ಅಲ್ಲಿಗೆ ಜನ ಇಳಿಯಲಿದ್ದಾರೆ. ಇವತ್ತೇ ಅದನ್ನು ಮುಚ್ಚಿಸಿ. ಈ ಸಲ ಗೊತ್ತಿರಲಿಲ್ಲ ಎನ್ನಲಾರಿರಿ. ಈ ಪತ್ರ ಓದಿದವರೆಲ್ಲ ಸಾಕ್ಷಿ. ಯಂತ್ರ ನನ್ನ ಬಳಿಯೇ ಇದೆ. ಅದನ್ನು ವಾಪಸು ಕೊಡುವುದಿಲ್ಲ.

ಇಂತಿ,
ಕೆಲಸ ಉಳಿದಿದ್ದರೆ ನಿಮ್ಮ ಭೂವಿಜ್ಞಾನಿ,
ಉಳಿಯದಿದ್ದರೂ ನಾಳೆ ಬೆಳಗ್ಗೆ ಗಣಿಯ ಬಾಗಿಲಲ್ಲಿ ನಿಂತಿರುವವಳು