ದಡದಲ್ಲಿ ನಿಂತವನು

ನವೆಂಬರ್ 11, ಸೋಮವಾರ

ಇವತ್ತೂ ಅದೇ. ಮದುವೆ ಆಲ್ಬಮ್, ನಲವತ್ತೆರಡು ಪುಟ. ಮದುಮಗಳ ಕುತ್ತಿಗೆ ಮುಖಕ್ಕಿಂತ ಕಪ್ಪಾಗಿ ಬಂದಿದೆಯಂತೆ, ಬೆಳ್ಳಗೆ ಮಾಡಿದೆ. ಹಿಂದೆ ನಿಂತ ಯಾರದೋ ಅರ್ಧ ತಲೆ, ಅಳಿಸಿದೆ. ಆ ಜಾಗದಲ್ಲಿ ಗೋಡೆ ತುಂಬಿಸಿದೆ. ಗೊತ್ತೇ ಆಗುವುದಿಲ್ಲ.

ಕುಂದಾಪುರದ ಈ ಸ್ಟುಡಿಯೋದಲ್ಲಿ ಹನ್ನೊಂದು ವರ್ಷ. ಕಂಪ್ಯೂಟರ್ ಮುಂದೆ ಕೂತೇ. ಕ್ಯಾಮೆರಾ ಮುಟ್ಟಿದ್ದು ಒರೆಸಲು ಮಾತ್ರ.

ಸಂಜೆ ಶೇಖರಣ್ಣ ಹೇಳಿದರು — ಗುರುವಾರ ಬೈಂದೂರಿನಲ್ಲಿ ನಿಶ್ಚಿತಾರ್ಥ, ಎರಡನೇ ಫೋಟೋಗ್ರಾಫರ್‌ಗೆ ಜ್ವರ, ನೀನೇ ಬರಬೇಕು. ಸ್ಟುಡಿಯೋ ಅವರದು, ಇಲ್ಲ ಎನ್ನಲು ಬಾಯಿ ಬರಲಿಲ್ಲ. ಅಮ್ಮ ಮೀನು ಹುರಿದಿದ್ದಳು. ತಿನ್ನಲಾಗಲಿಲ್ಲ, ನನ್ನ ಪಾಲನ್ನೂ ಅಣ್ಣನಿಗೇ ಬಡಿಸಿದಳು.

ನವೆಂಬರ್ 14, ಗುರುವಾರ

ಹೆದರಿದ್ದೇ ಆಯಿತು. ಉಂಗುರ ತೊಡಿಸುವ ಹೊತ್ತಿಗೆ ಕೈ ನಡುಗಿ ಆರೂ ಫೋಟೋ ಮಸುಕು. ಹುಡುಗನ ಚಿಕ್ಕಪ್ಪ ಎಲ್ಲರೆದುರೇ ಕೇಳಿದರು, ಇವಳು ಕಲಿಯಲು ಬಂದವಳಾ ಅಂತ. ನೆಲ ನೋಡಿದೆ.

ಬೇರೆ ತೆಗೆದದ್ದರಲ್ಲಿ ಒಂದು ಮಾತ್ರ ನೆಟ್ಟಗೆ ಬಂದಿದೆ. ಹುಡುಗಿಯ ತಾಯಿ ಅಡುಗೆಕೋಣೆಯ ಬಾಗಿಲಲ್ಲಿ ಒಬ್ಬರೇ ನಿಂತು ಚಪ್ಪಲಿ ಬಿಟ್ಟು ಒಂದು ಪಾದದ ಮೇಲೆ ಇನ್ನೊಂದು ಪಾದ ಇಟ್ಟುಕೊಂಡಿದ್ದಾರೆ. ಯಾರೂ ತೆಗೆ ಅಂದಿರಲಿಲ್ಲ. ಯಾರೂ ನೋಡುತ್ತಲೂ ಇರಲಿಲ್ಲ. ಅದಕ್ಕೇ ಕೈ ನಡುಗಲಿಲ್ಲವೋ ಏನೋ.

ಬರುವಾಗ ಕಾರಿನಲ್ಲಿ ಶೇಖರಣ್ಣ ಬಯ್ಯಲಿಲ್ಲ. ಅದೇ ಒಂದು ಫೋಟೋವನ್ನು ತುಂಬ ಹೊತ್ತು ನೋಡಿದರು. ಹಳೆಯ ಕ್ಯಾಮೆರಾ ಕೈಗೆ ಕೊಟ್ಟು ಹೇಳಿದರು, "ಕೈ ನಡ್ಗುದ್ ಎಲ್ಲರಿಗೂ ಇತ್ತ್. ಆಯ್ತಾರ ಎಲ್ಲಿಗಾರೂ ಹೋಯ್ ತೆಗಿ. ಯಾರಿಗೂ ತೋರ್ಸುದ್ ಬ್ಯಾಡ."

ನವೆಂಬರ್ 17, ಭಾನುವಾರ

ಗುಲ್ವಾಡಿಗೆ ಹೋಗಿದ್ದೆ. ಪರಿಚಯದವರು ಇಲ್ಲದ ಊರು ಬೇಕಿತ್ತು. ಬಸ್ಸು ಇಳಿದು ಹೊಳೆಬದಿ ಹಿಡಿದು ನಡೆದೆ.

ಸೊಂಟದ ತನಕ ನೀರಲ್ಲಿ ನಿಂತು ಒಬ್ಬಳು ಮುದುಕಿ ಚಿಪ್ಪು ಹೆಕ್ಕುತ್ತಿದ್ದಳು. ಫೋಟೋ ತೆಗೆಯಲಾ ಎಂದು ಕೇಳಲು ಅರ್ಧ ಗಂಟೆ ಹಿಡಿಯಿತು. ಮರದ ಹಿಂದೆ ಕಳ್ಳಿಯ ಹಾಗೆ ನಿಂತಿದ್ದೆ. ಕೊನೆಗೆ ಅವಳೇ ಕರೆದಳು.

"ಎಂತ ಹೆಣ್ಣೆ, ನನ್ನ ಮಖ ತೆಗ್ದ್ ಎಂತ ಮಾಡುಕಿತ್ತ್?"

ಅವಳು ನಕ್ಕಳು. ಬೆಳ್ಳಿ ಅಂತ ಹೆಸರು. ಮನೆ ದಡದ ಮೇಲೇ, ಒಬ್ಬಳೇ. ಮಗಳನ್ನು ಸಾಸ್ತಾನಕ್ಕೆ ಕೊಟ್ಟಿದ್ದಾಳೆ. ಹಿಂದೆ ಮನೆಗೂ ಹೊಳೆಗೂ ನಡುವೆ ಏಳು ತೆಂಗಿನಮರ ಇತ್ತಂತೆ. ಈಗ ಮೂರು. ದಡ ಕುಸಿಯುತ್ತಿದೆ. ಮಳೆಗಾಲದಲ್ಲಲ್ಲ, ಬಿಸಿಲಿನಲ್ಲಿ. ಯಾಕೆ ಎಂದು ಕೇಳಿದರೆ ಹೊಳೆಯ ಕಡೆ ಗಲ್ಲ ಎತ್ತಿ ತೋರಿಸಿದಳು, ಅಷ್ಟೆ.

ಇಪ್ಪತ್ತು ಫೋಟೋ. ಐದು ಅಡ್ಡಿಲ್ಲ.

ನವೆಂಬರ್ 24, ಭಾನುವಾರ

ಮತ್ತೆ ಹೋದೆ. ಬೆಳ್ಳಿಯಕ್ಕ ಅವಲಕ್ಕಿ ಕೊಟ್ಟಳು. ಬಟ್ಟೆ ಒಗೆಯುವ ಕಲ್ಲು ಈಗ ನೀರಿನೊಳಗೆ. ಅದನ್ನು ತೆಗೆದೆ.

ಮನೆಗೆ ಬಂದು ಫೋಟೋದ ಕೆಳಗೆ ಏನಾದರೂ ಬರೆಯಬೇಕು ಅನ್ನಿಸಿತು. ಬರೆದೆ — "ಕಾಲದ ಪ್ರವಾಹದಲ್ಲಿ ಕರಗುತ್ತಿರುವ ನೆನಪುಗಳ ಮಧುರ..." ಥೂ. ಇದು ಆಲ್ಬಮ್ಮಿನ ಭಾಷೆ. ಹನ್ನೊಂದು ವರ್ಷ ಇದನ್ನೇ ಬಂಗಾರದ ಅಕ್ಷರದಲ್ಲಿ ಹಾಕಿದ್ದೇನೆ. ನನಗೆ ಅಂತ ಬೇರೆ ಮಾತೇ ಇಲ್ಲವಾ? ಹೆದರಿಕೆ ಆಯಿತು, ನಿಜವಾಗಿ.

ಹರಿದೆ. ಮತ್ತೆ ಬರೆದೆ — "ಈ ಕಲ್ಲಿನ ಮೇಲೆ ಬೆಳ್ಳಿಯಕ್ಕ ಮೂವತ್ತು ವರ್ಷ ಬಟ್ಟೆ ಒಗೆದಳು. ಈಗ ಒಗೆಯಬೇಕಾದರೆ ಮುಳುಗಬೇಕು." ಎರಡೇ ಸಾಲು. ಇದು ಪರವಾಗಿಲ್ಲ.

ಡಿಸೆಂಬರ್ 1, ಭಾನುವಾರ, ಮಧ್ಯಾಹ್ನ

ಮೊದಲ ಬಸ್ಸಿಗೇ ಹೋಗಿದ್ದೆ. ಏಳು ಗಂಟೆಗೆ ನನ್ನ ಕಣ್ಣೆದುರೇ ಒಂದು ತೆಂಗಿನಮರ ಬಿತ್ತು. ಗಾಳಿ ಇಲ್ಲ, ಏನಿಲ್ಲ. ನಿಧಾನ ವಾಲಿತು, ಬುಡದ ಮಣ್ಣು ಬಿಟ್ಟುಕೊಟ್ಟಿತು, ಹೋಯಿತು. ಬೆಳ್ಳಿಯಕ್ಕ ಬಾಗಿಲಲ್ಲಿ ಬಾಯಿ ಮುಚ್ಚಿಕೊಂಡು ನಿಂತಿದ್ದಳು. ನಾನು ತೆಗೆಯುತ್ತಲೇ ಇದ್ದೆ. ಕೈ ನಡುಗಿತೋ ಇಲ್ಲವೋ ನೆನಪಿಲ್ಲ.

ಅದೇ ದಿನ, ಸಂಜೆ 5

ಲ್ಯಾಪ್‌ಟಾಪಿನಲ್ಲಿ ನೋಡಿದೆ. ಬೀಳುತ್ತಿರುವ ಮರದ ಹಿಂದೆ ಎರಡು ದೋಣಿ. ಮರಳು ಎತ್ತುವ ಪಂಪು, ನೀರಿಗಿಳಿದ ಪೈಪು. ಅಲ್ಲಿ ಕೈಯಲ್ಲಿ ಮಾತ್ರ ಮರಳು ತೆಗೆಯಬಹುದು, ಯಂತ್ರ ಇಳಿಸಿದರೆ ಬುಡದ ಮರಳು ಜಾರಿ ದಡ ಕುಸಿಯುತ್ತದೆ, ಅದಕ್ಕೇ ಇಳಿಸುವ ಹಾಗಿಲ್ಲ ಅಂತ ಹೋದ ವಾರ ಬೆಳ್ಳಿಯಕ್ಕನೇ ಹೇಳಿದ್ದಳು. ಆಚೆ ದಡದಲ್ಲಿ ಟಿಪ್ಪರ್. ಟಿಪ್ಪರ್ ಪಕ್ಕ ಒಬ್ಬ, ಕೈಯಲ್ಲಿ ಲೋಟ.

ದೊಡ್ಡದು ಮಾಡಿದೆ. ಇನ್ನೂ ದೊಡ್ಡದು ಮಾಡಿದೆ.

ಅಣ್ಣ.

ಅಣ್ಣ ಟಿಪ್ಪರ್ ಓಡಿಸುತ್ತಾನೆ, ಗೊತ್ತು. ಎಲ್ಲಿಂದ ತುಂಬಿಸುತ್ತಾನೆ ಅಂತ ಒಂದು ದಿನವೂ ಕೇಳಿರಲಿಲ್ಲ.

ಈಗ ಹೊರಗೆ ಜಗಲಿಯಲ್ಲಿ ಕೂತು ಅಮ್ಮನ ಹತ್ತಿರ ಏನೋ ಹೇಳಿ ನಗುತ್ತಿದ್ದಾನೆ. ಲ್ಯಾಪ್‌ಟಾಪ್ ಮುಚ್ಚಿದೆ.

ಡಿಸೆಂಬರ್ 3, ಮಂಗಳವಾರ

ಶೇಖರಣ್ಣನಿಗೆ ಫೋಟೋ ತೋರಿಸಿದೆ. ಬ್ರಹ್ಮಾವರದಲ್ಲಿ ಓದುಗರ ಬಳಗವೊಂದು 22ಕ್ಕೆ ಚಿತ್ರ-ಬರಹ ಪ್ರದರ್ಶನ ಇಟ್ಟಿದೆಯಂತೆ. ಒಂದು ಫೋಟೋ, ಕೆಳಗೆ ಇನ್ನೂರು ಪದ. ತೆಗೆದವರೇ ನಿಂತು ಓದಬೇಕು. 18ರೊಳಗೆ ಕಳಿಸು ಅಂದರು. ದೋಣಿ ಅವರಿಗೂ ಕಂಡಿದೆ. ದಡದಲ್ಲಿ ನಿಂತವನು ಯಾರು ಎಂದು ಗುರುತಾಗಲಿಲ್ಲ. ನಾನೂ ಹೇಳಲಿಲ್ಲ.

ಡಿಸೆಂಬರ್ 8, ಭಾನುವಾರ

ಹೊಳೆಗೆ ಹೋಗಲಿಲ್ಲ.

ಮೂರು ಪ್ರತಿ ಮಾಡಿದೆ. ಒಂದರಲ್ಲಿ ಅಣ್ಣನನ್ನು ಅಳಿಸಿದೆ. ಎರಡೇ ನಿಮಿಷದ ಕೆಲಸ, ಹನ್ನೊಂದು ವರ್ಷದ ಅಭ್ಯಾಸ. ಇನ್ನೊಂದರಲ್ಲಿ ಟಿಪ್ಪರೂ ಇಲ್ಲ. ಮೂರನೆಯದರಲ್ಲಿ ದೋಣಿಯೂ ಇಲ್ಲ. ಬರೀ ಹೊಳೆ, ಬೀಳುವ ಮರ. ಚಂದ ಉಂಟು. ಕ್ಯಾಲೆಂಡರಿಗೆ ಆಗುತ್ತದೆ.

ಅದರ ಕೆಳಗೆ ಬರೆಯಲು ಕೂತರೆ ಪೆನ್ನು ಓಡುತ್ತಿಲ್ಲ. ಮರ ಯಾಕೆ ಬಿತ್ತು ಅಂತ ಬರೆಯಲಿ? ಮತ್ತೆ "ಕಾಲದ ಪ್ರವಾಹ"ವೇ ಬರುತ್ತದೆ.

ತಲ್ಲೂರಿನಲ್ಲಿ ನಮ್ಮ ಮನೆ ಹೈವೇಗೆ ಹತ್ತಿರ. ಟಿಪ್ಪರ್ ಹಾರ್ನ್ ಕೇಳಿದಾಗೆಲ್ಲ ಎದ್ದು ಕಿಟಕಿಗೆ ಹೋಗಿ ನೋಡುತ್ತೇನೆ.

ಡಿಸೆಂಬರ್ 10, ಮಂಗಳವಾರ, ಸಂಜೆ

ಬಾಗಿಲ ಚಿಲಕ ಹಾಕಿಕೊಂಡು ಬರೆಯುತ್ತಿದ್ದೇನೆ.

ಹನ್ನೊಂದಕ್ಕೆ ಒಬ್ಬರು ಬಂದರು. ಇಸ್ತ್ರಿ ಮಾಡಿದ ಬಿಳಿ ಶರ್ಟು. ಪಾಸ್‌ಪೋರ್ಟ್ ಸೈಜ್ ಫೋಟೋ ಬೇಕು ಅಂದರು. ಶೇಖರಣ್ಣ ಇರಲಿಲ್ಲ. ನಾನೇ ಕೂರಿಸಿದೆ, ಲೈಟ್ ಹಾಕಿದೆ. ಕಾಲರ್ ಸರಿ ಮಾಡಿಕೊಳ್ಳುತ್ತ ಮೆಲ್ಲಗೆ ಅಂದರು —

"ನೀವ್ ಗುಲ್ವಾಡಿ ಬದಿಗ್ ಬತ್ರಂಬ್ರ್. ಹೊಳಿ ಬದಿ ಜಾರತ್ತ್. ಜಾಗ್ರತಿ ಕಾಣಿ."

ನಾನು ಅಲ್ಲಿಗೆ ಹೋಗುವುದು ಮರಳಿನವರಿಗೆ ಗೊತ್ತಾಗಿದೆ. ಸಿಟ್ಟಿಲ್ಲ. ಮನೆಯವರು ಹೇಳುವ ಹಾಗೆಯೇ ಹೇಳಿದರು. ಅದೇ ಹೆಚ್ಚು ಹೆದರಿಕೆ.

ಕ್ಯಾಮೆರಾ ಕಣ್ಣಿಗೆ ಹಿಡಿದೆ, ಮುಖ ಮುಚ್ಚಿಕೊಳ್ಳಲಿಕ್ಕೆ. ಗಲ್ಲ ಸ್ವಲ್ಪ ಕೆಳಗೆ, ಇಲ್ಲಿ ನೋಡಿ ಅಂದೆ. ಅವರು ಹೇಳಿದ ಹಾಗೆ ಕೇಳಿದರು. ಕಣ್ಣು ಮಿಟುಕಿಸಿದರು — ಒಮ್ಮೆ, ಎರಡು ಸಲ, ಮೂರು ಸಲ. ಫೋಟೋ ತೆಗೆಸಿಕೊಳ್ಳುವಾಗ ಎಲ್ಲರಿಗೂ ಹೆದರಿಕೆಯೇ. ಅವರಿಗೂ. ನಾಲ್ಕನೆಯದು ಸರಿ ಬಂತು. ಎಂಟು ಕಾಪಿ ತೆಗೆದುಕೊಂಡು ಹೋದರು.

ಹೋದ ಮೇಲೆ ಬಚ್ಚಲಲ್ಲಿ ಕೂತು ಅತ್ತೆ. ಆದರೆ ಆ ಫೋಟೋ ಶಾರ್ಪ್ ಆಗಿತ್ತು. ಒಂದಿಷ್ಟೂ ಅಲುಗಿರಲಿಲ್ಲ.

ಡಿಸೆಂಬರ್ 15, ಭಾನುವಾರ

ಐದು ದಿನ ಸ್ಟುಡಿಯೋ, ಮನೆ, ಅಷ್ಟೇ. ಬೆಳಿಗ್ಗೆ ಶೇಖರಣ್ಣನ ಫೋನು. ಉಳಿದ ಎರಡು ಮರದ ಜೊತೆ ಬೆಳ್ಳಿಯಕ್ಕನ ಅಡುಗೆಕೋಣೆಯ ಗೋಡೆಯೂ ಶುಕ್ರವಾರ ಹೊಳೆಗೆ ಹೋಯಿತಂತೆ.

ಅವರ ಬೈಕಿನ ಹಿಂದೆ ಕೂತು ಹೋದೆ. ಒಲೆ ಹಾಗೆಯೇ ಇದೆ, ಮೇಲೆ ಮಸಿ ಹಿಡಿದ ಪಾತ್ರೆ. ಅದರ ಹಿಂದೆ ಗೋಡೆ ಇಲ್ಲ, ನೇರ ಹೊಳೆ. ಮಗಳು ಸಾಮಾನು ಕಟ್ಟುತ್ತಿದ್ದಳು, ಸಾಸ್ತಾನಕ್ಕೆ ಕರೆದುಕೊಂಡು ಹೋಗಲು. ನನ್ನನ್ನು ಕಂಡು ಬೆಳ್ಳಿಯಕ್ಕ, "ಇಷ್ಟ್ ದಿನ ಬಪ್ಪುಕ್ ಆಯ್ಲಿಲ್ಯಾ?" ಅಂದಳು.

ಹೆದರಿದ್ದೆ ಅಂತ ಹೇಳಿಬಿಟ್ಟೆ. ಅವಳು ನನ್ನ ಮುಖ ನೋಡಿದಳು. ಬೇಸರ ಮಾಡಿಕೊಳ್ಳಲಿಲ್ಲ. ಒಲೆ ತೋರಿಸಿದಳು.

"ತೆಗಿ. ನಾಳಿಗ್ ಇದೂ ಇಪ್ಪುದಿಲ್ಲೆ."

ತೆಗೆದೆ. ಆಚೆ ದೋಣಿಯಿಂದ ಯಾರೋ ಕೂಗಿದರು. ಶೇಖರಣ್ಣ ನನಗೂ ಹೊಳೆಗೂ ನಡುವೆ ಬಂದು ನಿಂತರು. ಮುಗಿಸಿಯೇ ಹೊರಟದ್ದು.

ಡಿಸೆಂಬರ್ 17, ಮಂಗಳವಾರ, ಬೆಳಿಗ್ಗೆ

ನಾಳೆ ಕೊನೆ ದಿನ. ನಿನ್ನೆ ಸಂಜೆ ಇನ್ನೂರು ಪದ ಬರೆದು ಮುಗಿಸಿದೆ. ಏನೂ ಅಳಿಸದ ಮೂಲ ಫೋಟೋಗೆ. ಹೂವಿನಂಥ ಮಾತು ಒಂದೂ ಇಲ್ಲ. ಓದಿದರೆ ನಾನೇ ಮಾತಾಡಿದ ಹಾಗೆ ಇದೆ. ಅದೇ ಭಯ.

ಇವತ್ತು ಅಣ್ಣನಿಗೆ ರಜೆ. ಚಾ ಕುಡಿದ ಮೇಲೆ ಲ್ಯಾಪ್‌ಟಾಪ್ ಅವನ ಮುಂದೆ ಇಟ್ಟೆ. ಅಮ್ಮ ಅಕ್ಕಿ ಆರಿಸುತ್ತಿದ್ದಳು. ಮರ ನೋಡಿದ, ದೋಣಿ ನೋಡಿದ. ಆಮೇಲೆ ಪರದೆಗೆ ಮುಖ ಹತ್ತಿರ ತಂದ.

"ಇದ್ರಲ್ ನಾನಿದ್ದೆ."

"ಹೌದ್."

"ಅಳ್ಸುಕ್ ಆತಿಲ್ಯಾ?"

"ಆತ್ತ್. ಅಳ್ಸ್ ಕಂಡೆ. ಮತ್ತೆ ಕೆಳಗ್ ಬರೆಯುಕ್ ಆಯ್ಲಿಲ್ಲೆ."

ಅಮ್ಮನ ಕೈ ನಿಂತಿತು. "ಒಂದೇ ಹೊಟ್ಟಿಯಂಗ್ ಹುಟ್ದರ್ ನೀವ್," ಅಂದಳು. ನನಗೆ ಹೇಳಿದಳೋ ಅವನಿಗೋ ತಿಳಿಯಲಿಲ್ಲ.

ಅಣ್ಣ ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸಿ, "ಎಂತ ಬರ್ದಿದ್ದೆ, ಓದ್ ಕಾಂಬ," ಅಂದ.

ನಾನು ಬರೆದದ್ದನ್ನು ಯಾರ ಎದುರೂ ಓದಿದವಳಲ್ಲ. ಮೊದಲ ನಾಲ್ಕು ಸಾಲು ಓಡಿಸಿಬಿಟ್ಟೆ. ಕೊನೆಯ ಭಾಗಕ್ಕೆ ಬಂದೆ — "ಆಚೆ ದಡದಲ್ಲಿ ಚಾ ಕುಡಿಯುತ್ತ ನಿಂತವನು ನನ್ನ ಅಣ್ಣ. ಅವನು ದುಡಿದು ತಂದದ್ದನ್ನೇ ನಾನೂ ಉಂಡಿದ್ದೇನೆ. ಮರಳು ಎಲ್ಲಿಂದ ಬರುತ್ತದೆ ಎಂದು ಕೇಳಲಿಲ್ಲ. ಕೇಳದೆ ಇದ್ದದ್ದಕ್ಕೆ ನಾನೂ ಆ ದಡದಲ್ಲೇ ನಿಂತಿದ್ದೇನೆ."

ಲ್ಯಾಪ್‌ಟಾಪ್ ಎತ್ತಿ ಎಸೆಯುತ್ತಾನೆ ಅಂದುಕೊಂಡಿದ್ದೆ. ಅವನು ಪರದೆಯ ಮೇಲೆ ಬೆರಳಿಟ್ಟು ಆ ಲೋಟ ತೋರಿಸಿದ.

"ಅದ್ ಚಾ ಅಲ್ಲ. ನೀರ್. ಮರ ವಾಲುದ್ ನಾನೂ ಕಂಡಿದ್ದೆ. ಗಂಟ್ಲ್ ಒಣ್ಗ್ ಹೋಯಿತ್ತ್."

ಎದ್ದು ಹೋದ. ನಾನು "ಚಾ" ಹೊಡೆದುಹಾಕಿ "ನೀರು" ಅಂತ ಬರೆದೆ.

ಡಿಸೆಂಬರ್ 18, ಬುಧವಾರ

ಕಳಿಸಿದೆ. ಹೆಸರು ಸಮೇತ. ವಿಜೇತಾ, ತಲ್ಲೂರು.

ಡಿಸೆಂಬರ್ 20, ಶುಕ್ರವಾರ

ಬಳಗದವರು ಫೋಟೋಗಳನ್ನು ವಾಟ್ಸಾಪಿನಲ್ಲಿ ಹಾಕಿದ್ದಾರೆ. ಬರಹ ಇಲ್ಲ, ಫೋಟೋ ಮಾತ್ರ. ನನ್ನದು ಊರೆಲ್ಲ ಸುತ್ತಿದೆ. ಬೆಳಿಗ್ಗೆಯಿಂದ ಗೊತ್ತಿಲ್ಲದ ನಂಬರುಗಳಿಂದ ಹದಿನಾಲ್ಕು ಕಾಲ್. ಒಂದು ಎತ್ತಿದೆ. ಆಚೆ ಉಸಿರು ಮಾತ್ರ.

ಕೆಲಸಕ್ಕೆ ಹೋಗದೆ ಮನೆಯಲ್ಲೇ ಇದ್ದೆ. ಹನ್ನೊಂದು ಗಂಟೆಗೆ ಅಣ್ಣ ಮನೆಗೆ ನಡೆದುಕೊಂಡು ಬಂದ. ಟಿಪ್ಪರ್ ಇಲ್ಲ. "ಕೀ ಕೊಟ್ಟ್ ಬಂದೆ," ಅಂದ, ಅಷ್ಟೆ. ಮರಳಿನವರೇ ಬಿಡಿಸಿದರೋ, ಇವನೇ ಬಿಟ್ಟನೋ ಕೇಳಲು ಧೈರ್ಯ ಬರಲಿಲ್ಲ. ಅಮ್ಮ ಅವನಿಗೆ ಬಡಿಸಿದಳು. ನನಗೂ ಬಡಿಸಿದಳು. ಮೂರು ಜನ ಉಂಡೆವು.

ಬಳಗದವರಿಗೆ ಮೆಸೇಜ್ ಬರೆದೆ — ದಯವಿಟ್ಟು ನನ್ನ ಫೋಟೋ ಇಳಿಸಿ. ಕಳಿಸಲಿಲ್ಲ. ಅಳಿಸಿದೆ. ಮತ್ತೆ ಬರೆದೆ. ಮತ್ತೆ ಅಳಿಸಿದೆ.

ಶೇಖರಣ್ಣ ಭಾನುವಾರ ತಾವೇ ಬಂದು ಕರೆದುಕೊಂಡು ಹೋಗುತ್ತಾರಂತೆ. ಒಬ್ಬಳೇ ಬಸ್ಸು ಹತ್ತಬೇಡ ಅಂದರು.

ಡಿಸೆಂಬರ್ 22, ಭಾನುವಾರ, ಬ್ರಹ್ಮಾವರ, ಬೆಳಿಗ್ಗೆ 10.40

ಕೊನೆಯ ಸಾಲಿನ ಕುರ್ಚಿಯಲ್ಲಿ ಕೂತು ಬರೆಯುತ್ತಿದ್ದೇನೆ. ಸುಮ್ಮನೆ ಕೂತರೆ ಓಡಿಹೋಗುತ್ತೇನೆ.

ಸುಮಾರು ಎಂಬತ್ತು ಜನ. ನನ್ನ ಫೋಟೋ ಕಿಟಕಿಯ ಪಕ್ಕ ತೂಗುತ್ತಿದೆ. ಇಷ್ಟು ದೊಡ್ಡದಾಗಿ ನಾನೇ ನೋಡಿರಲಿಲ್ಲ. ಬಂದವರು ಮೊದಲು ಮರ ನೋಡುತ್ತಾರೆ, ಆಮೇಲೆ ಬಗ್ಗಿ ಓದುತ್ತಾರೆ, ಆಮೇಲೆ ಮತ್ತೆ ತಲೆ ಎತ್ತಿ ಆಚೆ ದಡ ಹುಡುಕುತ್ತಾರೆ. ಒಬ್ಬ ಹೆಂಗಸು ಎರಡು ಸಲ ಓದಿದರು. ಬಾಗಿಲ ಹತ್ತಿರ ಇಬ್ಬರು ನಿಂತಿದ್ದಾರೆ, ಯಾವ ಫೋಟೋವನ್ನೂ ನೋಡುತ್ತಿಲ್ಲ. ಅವರು ಯಾರೋ.

ಈಗ ಅಣ್ಣ ಬಂದ. ಬರುತ್ತೇನೆ ಅಂತ ಹೇಳಿರಲಿಲ್ಲ. ಮದುವೆಗೆ ಹಾಕುವ ಶರ್ಟು ಹಾಕಿದ್ದಾನೆ. ನನ್ನನ್ನು ನೋಡಲಿಲ್ಲ, ನೇರ ಹೋಗಿ ಫೋಟೋದ ಮುಂದೆ ನಿಂತ. ಫೋಟೋದಲ್ಲಿದ್ದ ಅದೇ ನಿಲುವು. ಪಕ್ಕದಲ್ಲಿದ್ದವರು ಫೋಟೋ ನೋಡಿ, ಅವನನ್ನು ನೋಡಿ, ಸರಿದು ಜಾಗ ಬಿಟ್ಟರು.

ಮಗಳ ಕೈ ಹಿಡಿದುಕೊಂಡು ಬೆಳ್ಳಿಯಕ್ಕ ಒಳಗೆ ಬರುತ್ತಿದ್ದಾಳೆ. ಅವಳಿಗೆ ಓದಲು ಬರುವುದಿಲ್ಲ. ಅಣ್ಣನ ಪಕ್ಕವೇ ಹೋಗಿ ನಿಂತಳು. ಇದರಲ್ಲಿ ಎಂತ ಬರೆದಿದೆ ಅಂತ ಅವನನ್ನೇ ಕೇಳುತ್ತಿದ್ದಾಳೆ. ಅವನು ಯಾರು ಅಂತ ಅವಳಿಗೆ ಗೊತ್ತಿಲ್ಲ.

ಅಣ್ಣ ಬಗ್ಗಿ ಓದಿ ಹೇಳುತ್ತಿದ್ದಾನೆ. ಇಲ್ಲಿಗೆ ಕೇಳಿಸುವುದಿಲ್ಲ. ತುಟಿ ಕಾಣುತ್ತದೆ. ಬೆರಳು ಸಾಲಿನಿಂದ ಸಾಲಿಗೆ ಇಳಿಯುತ್ತಿದೆ. ಕೊನೆಯ ಭಾಗ ಬಂತು.

ಬೆರಳು ನಿಂತಿದೆ.

ಮೈಕಿನಲ್ಲಿ ನನ್ನ ಹೆಸರು ಕರೆಯುತ್ತಿದ್ದಾರೆ. ಎರಡನೇ ಸಲ. ಬೆಳ್ಳಿಯಕ್ಕ ತಲೆ ಎತ್ತಿ ಅಣ್ಣನ ಮುಖ ನೋಡುತ್ತಿದ್ದಾಳೆ, ಅಣ್ಣ ಬಾಯಿ ತೆರೆದ, ಅವನೇ ಹೇಳುವ ಮೊದಲು ನಾನು ಓದಬೇಕು. ಎದ್ದೆ.